ಹಗೇವಿನ ತಳದ ಜೋಳ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದನಕ್ಕೆ ಹಾಕುವ ಜೋಳವನ್ನು ಅಗ್ಗವೆಂದು ಮನೆಗೆ ಹೊತ್ತು ತಂದು, ಅದನ್ನು ಅಪ್ಪನಿಗೂ ತಂಗಿಗೂ ತಿನ್ನಿಸಿ, ಕಡೆಗೆ ಅದೇ ಜೋಳದ ದೆಸೆಯಿಂದ ತಂಗಿಯ ಲಗ್ನ ಮುರಿಯುವ ಹಂತಕ್ಕೆ ತಂದವನು ನಾನೇ. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟೋಣವೆಂದು ಬಹಳ ಹುಡುಕಿದೆ. ಜೋಳ ಮಾರಿದವನ ತಲೆ ಹತ್ತಿರದಲ್ಲೇ ಇತ್ತು. ಆದರೆ ಆ ಪುಣ್ಯಾತ್ಮ ಇದು ದನದ್ದು ಎಂದು ಬಾಯಿಬಿಟ್ಟು ಹೇಳಿದ್ದ. ಹೀಗಾಗಿ ಮತ್ತೆ ನನ್ನ ತಲೆಯೇ ಉಳಿಯಿತು.

ಆಗ ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿಗಳ ಸಂಸ್ಥಾನದ ಆಳಿಕೆ ಮುಗಿದು ಅವೂ ನಮ್ಮ ಹಾಗೆ ಮುಂಬೈ ಸರಕಾರದ ಕೆಳಗೆ ಬಂದಿದ್ದವು. ಇನ್ನು ಉಳಿದದ್ದು ಕನ್ನಡ ಮಾತಾಡುವವರೆಲ್ಲ ಒಂದು ಮನೆಯವರಾಗುವುದು. ಗದಗಿನಲ್ಲಿ ಸಂಜೆಯಾದರೆ ಎಲ್ಲಾದರೊಂದು ಕಡೆ ಏಕೀಕರಣದ ಭಾಷಣ ಇರುತ್ತಿತ್ತು. ನಾನು ತಪ್ಪದೆ ಹೋಗುತ್ತಿದ್ದೆ. ನಾಡಿನ ಮೇಲಿನ ಪ್ರೀತಿ ಅರ್ಧ, ಪುಕ್ಕಟೆ ಎನ್ನುವುದು ಇನ್ನರ್ಧ. ಒಂದು ಸಂಜೆ ಭಾಷಣ ಮಾಡಿದವರು, ಮನೆಮನೆಯಲ್ಲಿ ಉಳಿತಾಯ ಮಾಡಿದರೆ ದೇಶ ತಾನಾಗಿ ಎದ್ದು ನಿಲ್ಲುತ್ತದೆ ಎಂದರು. ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದು, ದಾರಿಯಲ್ಲಿ ಮಿರ್ಚಿ ತಿಂದು, ಮನೆ ಸೇರುವಷ್ಟರಲ್ಲಿ ಮರೆತುಬಿಟ್ಟರು. ನೆನಪಿಟ್ಟುಕೊಂಡವನು ನಾನೊಬ್ಬ.

ದೇಶದ ದುರ್ದೈವವೋ ನಮ್ಮ ಮನೆಯದೋ, ಅದೇ ವಾರ ಲಕ್ಷ್ಮೇಶ್ವರದಿಂದ ಖಬರು ಬಂತು. ಅಲ್ಲಿಗೆ ಕೊಟ್ಟಿದ್ದ ನಮ್ಮ ಅಕ್ಕ ಮತ್ತೊಂದು ಹಡೆದಿದ್ದಳು. ಅವಳ ಅತ್ತೆ ಕಾಲು ಮುರಿದುಕೊಂಡು ಮಲಗಿದ್ದಳು. ಬಾಣಂತನಕ್ಕೆ ಅವ್ವ ಹೋಗಲೇಬೇಕಾಯಿತು. ಬೆಟಗೇರಿಯ ನಮ್ಮ ಮನೆಯಲ್ಲಿ ಉಳಿದವರು ಹತ್ತಿ ಪೇಟೆಯಲ್ಲಿ ತೂಕದ ಕೆಲಸ ಮಾಡುವ ಅಪ್ಪ, ಲಗ್ನಕ್ಕೆ ಬಂದಿದ್ದ ತಂಗಿ, ಮತ್ತು ಮ್ಯಾಟ್ರಿಕ್‌ನಲ್ಲಿ ಡುಮ್ಕಿ ಹೊಡೆದು ಒಂದು ಛಾಪಖಾನೆಯಲ್ಲಿ ಕಾಗದ ಮಡಚುತ್ತಿದ್ದ ನಾನು.

"ಸಂತಿ-ಪ್ಯಾಟಿ ಇವನ ನೋಡ್ಕೊಳ್ಳಲಿ. ಇಪ್ಪತ್ತು ದಾಟೇತಿ, ಇನ್ನ ಯಾವಾಗ ಕಲೀತಾನ" ಎಂದಳು ಅವ್ವ, ಗಂಟು ಕಟ್ಟುತ್ತ.

"ಕಲಿಯಾಕ ಬ್ಯಾರೆ ಮನಿ ಸಿಗಲಿಲ್ಲೇನು ಅವಂಗ?" ಎಂದ ಅಪ್ಪ.

ತಂಗಿಯೂ ಸುಮ್ಮನಿರಲಿಲ್ಲ. "ಅಣ್ಣಗ ಕೊಡಬ್ಯಾಡವಾ. ಹೋದ ವಾರ ಕೊತ್ತಂಬ್ರಿ ತಾ ಅಂದ್ರ ಗಜ್ಜರಿ ತಪ್ಪಲಾ ತಂದಾನ."

"ಅದು ಅಗ್ಗ ಇತ್ತು" ಎಂದೆ.

ಆ ಮಾತು ಕೇಳಿದ ಮೇಲಾದರೂ ಅವ್ವ ಎಚ್ಚರಗೊಳ್ಳಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತೆಂದು ಕಾಣುತ್ತದೆ, ಹೊರಟುಹೋದಳು. ಹೋಗುವಾಗ ಒಂದು ವಿಷಯ ಮಾತ್ರ ಹೇಳಿದಳು. ಲಕ್ಷ್ಮೇಶ್ವರದ ಹತ್ತಿರ ಅಡರಕಟ್ಟಿಯಲ್ಲಿ ಒಂದು ಒಕ್ಕಲುತನದ ಮನೆ ಇದೆ, ಹುಡುಗ ಮುಲ್ಕಿ ಪರೀಕ್ಷೆ ಪಾಸಾಗಿದ್ದಾನೆ, ತಾನು ತಿರುಗಿ ಬಂದ ಮೇಲೆ ಅವರು ಹೆಣ್ಣು ನೋಡಲು ಬರುತ್ತಾರೆ. ತಂಗಿ ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದಳು: "ಅವರ ಹಿತ್ತಲದಾಗ ಬಾವಿ ಐತೇನು?" ಇದೆ ಎಂದಳು ಅವ್ವ. ಬೆಟಗೇರಿಯಲ್ಲಿ ನೀರಿನ ಕೊಡ ಹೊತ್ತು ಬೆಳೆದ ಹುಡುಗಿ ಬಾವಿಯ ಸುದ್ದಿ ಕೇಳಿದಳೆಂದರೆ, ಹುಡುಗ ಅರ್ಧ ಒಪ್ಪಿಗೆಯಾದ ಹಾಗೆ. ಅದಕ್ಕೂ ಮುಂಚೆ ಶಿರಹಟ್ಟಿ ಕಡೆಯವರೊಬ್ಬರು ಬಂದು, ಅವಳನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಲ್ಲಿಸಿ ಎತ್ತರ ನೋಡಿ, ಉಪ್ಪಿಟ್ಟು ತಿಂದು, ಗಿಡ್ಡಾದಳು ಎಂದು ಹೇಳಿಕಳಿಸಿದ್ದರು. ಉಪ್ಪಿಟ್ಟು ಕಡಿಮೆಯಾಯಿತು ಎಂದು ಮಾತ್ರ ಹೇಳಲಿಲ್ಲ. ಆಮೇಲೆ ಎಷ್ಟೋ ದಿನ ತಂಗಿ ಆ ಬಾಗಿಲನ್ನು ದಾಟುವಾಗ ಮುಖ ತಿರುಗಿಸಿಕೊಂಡೇ ದಾಟುತ್ತಿದ್ದಳು. ಅಡರಕಟ್ಟಿಯದೂ ತಪ್ಪಿದರೆ ಅಪ್ಪ ಎದೆಗುಂದುತ್ತಾನೆ ಎಂಬುದು ನನ್ನಂಥ ದಡ್ಡನಿಗೂ ತಿಳಿದಿತ್ತು.

ಅವ್ವನ ಬಸ್ಸು ಲಕ್ಷ್ಮೇಶ್ವರ ಮುಟ್ಟುವ ಮೊದಲೇ ನನ್ನ ರಾಜ್ಯಭಾರ ಶುರುವಾಯಿತು.

ಮೊದಲ ಏಟು ಚಿಮಣಿ ಎಣ್ಣೆಗೆ ಬಿತ್ತು. ತಾಟಿಗೆ ಬಡಿಸುವ ತನಕ ದೀಪ, ಬಡಿಸಿದ ಮೇಲೆ ಆರಿಸುವುದು. ಬಾಯಿ ಎಲ್ಲಿದೆ ಎಂದು ಕೈಗೆ ಗೊತ್ತಿಲ್ಲವೇ ಎಂಬುದು ನನ್ನ ವಾದ. ಕೈಗೆ ಬಾಯಿ ಗೊತ್ತಿತ್ತು, ತಾಟು ಗೊತ್ತಿರಲಿಲ್ಲ. ಮೊದಲ ಸಂಜೆಯೇ ಅಪ್ಪ ನನ್ನ ತಾಟಿನ ರೊಟ್ಟಿ ಮುರಿದುಕೊಂಡು ತಂಗಿಯ ಮಜ್ಜಿಗೆಯಲ್ಲಿ ಅದ್ದಿ ತಿಂದ. "ಊಟ ಛಲೋ ಆತು. ಯಾರದಂತ ತಿಳೀಲಿಲ್ಲ" ಎಂದು ಎದ್ದ.

ಚಹಾಪುಡಿಯನ್ನು ಒಮ್ಮೆ ಕುದಿಸಿ ಎಸೆಯುವುದು ಶ್ರೀಮಂತರ ಚಟ ಎಂದು ಸಾರಿ, ಸೋಸಿದ ಪುಡಿಯನ್ನು ಮಾಳಿಗೆಯ ಮೇಲೆ ಒಣಹಾಕಿದೆ. ಗದಗಿನ ಗಾಳಿಯ ಗುಣ ಗೊತ್ತಿದ್ದವರು ಏನಾಗಿರಬೇಕೆಂದು ಊಹಿಸಿಕೊಳ್ಳಿ. ಅರ್ಧ ಪುಡಿ ಹಿಂದಿನ ಓಣಿಯ ಮಗ್ಗದವರ ಹಾಸಿನ ನೂಲಿನ ಮೇಲೆ ಹೋಗಿ ಕೂತು, ಅವರು ಬಂದು ನಮ್ಮ ಬಾಗಿಲಲ್ಲಿ ನಿಂತು ಬೈದು ಹೋದರು. ಉಳಿದ ಅರ್ಧದಿಂದ ಚಹಾ ಮಾಡಿಸಿದೆ. ಅಪ್ಪ ಬಟ್ಟಲನ್ನು ಬೆಳಕಿಗೆ ಹಿಡಿದು, "ಇದು ಚಹಾ ಅಲ್ಲೋ, ಚಹಾದ ದಿನಕರ್ಮದ ನೀರು" ಎಂದ.

ಸಬಕಾರ ಬಂದ್ ಮಾಡಿ ಹಳ್ಳದ ಸವಳು ಮಣ್ಣಿನಲ್ಲಿ ಬಟ್ಟೆ ಒಗೆದೆ. ಅಗಸರು ಒಗೆಯುತ್ತಿರಲಿಲ್ಲವೇ. ಅವರಿಗೆ ಎಷ್ಟು ಹಾಕಬೇಕೆಂದು ಗೊತ್ತಿತ್ತು. ನನಗೆ ಮಣ್ಣು ಪುಕ್ಕಟೆ ಎಂಬುದಷ್ಟೇ ಗೊತ್ತಿತ್ತು. ನನ್ನ ಅಂಗಿ ಬೆಳ್ಳಗಾದದ್ದು ಖರೆ. ಕಾಲರು ಒಂದು ಕಡೆ, ಅಂಗಿ ಒಂದು ಕಡೆ ಬೆಳ್ಳಗಾಗಿದ್ದವು. ಚಪ್ಪಲಿ ಸವೆಯಬಾರದೆಂದು ಕೈಯಲ್ಲಿ ಹಿಡಿದು ಛಾಪಖಾನೆಗೆ ನಡೆದೆ. ಜಾಲಿ ಮುಳ್ಳು ಹಿಮ್ಮಡಿಯಲ್ಲಿ ಹೊಕ್ಕು, ಅದನ್ನು ತೆಗೆಸಿಕೊಳ್ಳಲು ಕೊಟ್ಟ ಹಣದಲ್ಲಿ ಹೊಸ ಜೋಡು ಬರುತ್ತಿತ್ತು.

ಇಷ್ಟೆಲ್ಲ ಆದರೂ ನನ್ನ ಹುರುಪು ಇಳಿಯಲಿಲ್ಲ. ಕಟ್ಟಿಗೆಯ ಮೇಲೆ ಕಣ್ಣು ಹಾಕಿದೆ. ಬಿಸಿನೀರ ಜಳಕ ಬಂದ್. ಉಳಿದವರಿಗೆ ಹೇಳುವ ಮೊದಲು ನಾನೇ ಮಾಡಿ ತೋರಿಸಬೇಕಲ್ಲ, ನಸುಕಿನ ಚಳಿಯಲ್ಲಿ ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಳ್ಳತೊಡಗಿದೆ. ಪ್ರತಿ ತಂಬಿಗೆಗೂ ಗಂಟಲಿನಿಂದ ತಾನಾಗಿ ಒಂದು ಕೂಗು ಹೊರಡುತ್ತಿತ್ತು. ಬಾಜೂ ಮನೆಯ ಅಜ್ಜಿ ಮೊದಲ ದಿನ ಗಾಬರಿಯಾಗಿ ಓಡಿ ಬಂದಿದ್ದಳು. ಆಮೇಲೆ ರೂಢಿಯಾಯಿತು. ನನ್ನ ಕೂಗು ಕೇಳಿ ಎದ್ದು ಅಂಗಳ ಗುಡಿಸುತ್ತಿದ್ದಳು.

ಇದೇ ದಿನಗಳಲ್ಲಿ ಛಾಪಖಾನೆಯ ಮಾಲಕರು ಲಗ್ನಪತ್ರಿಕೆಗಳ ಗಂಟು ಮುಟ್ಟಿಸಿ ಬಾ ಎಂದು ನನ್ನನ್ನು ಮುಂಡರಗಿಗೆ ಕಳಿಸಿದರು. ಪತ್ರಿಕೆ ಕೊಟ್ಟು ಬರುವಾಗ ಒಂದು ವಾಡೆಯ ಮುಂದೆ ಹಗೇವು ತೆಗೆದಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಗುಂಡಿ. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಎಳೆದರೆ ವರ್ಷಗಟ್ಟಲೆ ಇರುತ್ತದೆ. ಮೇಲಿನ ಛಲೋ ಜೋಳವೆಲ್ಲ ಮಾರಿಹೋಗಿ, ತಳದ್ದನ್ನು ಒಂದು ಕಡೆ ಗುಂಪೆ ಹಾಕಿದ್ದರು. ಕಂದು ಬಣ್ಣ, ಮಳೆಗಾಲದ ಕಂಬಳಿಯ ವಾಸನೆ. ದರ ಕೇಳಿದೆ. ಪೇಟೆಯ ದರದ ಅರ್ಧಕ್ಕೂ ಕಡಿಮೆ ಎಂದಾಗ ಕಿಸೆಗೆ ಕೈ ಹಾಕಿದೆ.

"ಇದು ತಳದ್ದು ತಮ್ಮಾ. ನೀರು ಬಡದೈತಿ" ಎಂದ ಮಾರುವವನು. "ದನಕ್ಕ ಹಾಕಾಕ ಒಯ್ತಾರ."

"ಮನಶಾರು ತಿಂದ್ರ ಏನಾಕ್ಕೈತ್ರಿ?"

"ಏನೂ ಆಗೂದಿಲ್ಲ. ದನಾ ತಿಂದ್ರೂ ಏನೂ ಆಗೂದಿಲ್ಲ. ಆದರ ದನಾ ರೊಟ್ಟಿ ಬಡಿಯೂದಿಲ್ಲ ನೋಡು."

ಇಷ್ಟು ಖರೆ ಮಾತಾಡುವ ವ್ಯಾಪಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದ್ದರಿಂದ ಇವನು ಸುಳ್ಳು ಹೇಳುತ್ತಿದ್ದಾನೆಂದು ತೀರ್ಮಾನಿಸಿದೆ. ಬಂದ ಗಿರಾಕಿಯನ್ನು ಹೆದರಿಸಿ ಓಡಿಸಿ, ತಾನೇ ಮನೆಗೆ ಒಯ್ಯುವ ಹಂಚಿಕೆ ಇರಬೇಕು. ನನ್ನ ಹತ್ತಿರ ನಡೆಯುತ್ತದೆಯೇ. ಇದ್ದಬಿದ್ದ ದುಡ್ಡೆಲ್ಲ ಕೊಟ್ಟು ಎರಡು ಚೀಲ ತುಂಬಿಸಿಕೊಂಡೆ. ಅವನು ದುಡ್ಡು ತೆಗೆದುಕೊಳ್ಳುವಾಗ "ಎಷ್ಟು ದನಾ ಅದಾವ ಮನ್ಯಾಗ?" ಎಂದು ಕೇಳಿದ. "ಒಂದ" ಎಂದು ಇವತ್ತಾದರೆ ಹೇಳುತ್ತಿದ್ದೆ.

ಗದಗಿಗೆ ಹತ್ತಿ ಹೇರಿಕೊಂಡು ಹೊರಟಿದ್ದ ಚಕ್ಕಡಿಯವನು ಚೀಲ ಹಾಕಿಕೊಂಡ. ಸ್ವಲ್ಪ ದೂರ ಹೋಗುವುದರೊಳಗೆ ಎತ್ತುಗಳು ನಿಂತು ನಿಂತು ಹಿಂದೆ ತಿರುಗತೊಡಗಿದವು.

"ನಿನ್ನ ಚೀಲ ಹಿಂದ ಸರಸೋ ಮಾರಾಯ. ಮೂಗು ಇತ್ಲಾಗ ಮಾಡ್ಕೊಂಡು ಎತ್ತು ಮುಂದ ನಡೀವೊಲ್ಲವು" ಎಂದ ಚಕ್ಕಡಿಯವನು.

ತಮ್ಮ ಊಟವನ್ನು ಯಾರೋ ಹೊತ್ತೊಯ್ಯುತ್ತಿದ್ದಾರೆಂದು ಎತ್ತುಗಳಿಗೆ ತಿಳಿದಿತ್ತು. ನನಗೆ ತಿಳಿದಿರಲಿಲ್ಲ. ಹಿಟ್ಟಿನ ಗಿರಣಿಯವನೂ ಬುಟ್ಟಿ ನೋಡಿ, "ನಿಮ್ಮದು ಎಲ್ಲಾರದೂ ಮುಗಿದ ಮ್ಯಾಲೆ ಕಡೀಕ ಹಾಕ್ತೀನ್ರಿ" ಎಂದ. ಅವಸರ ಮಾಡದೆ ನಿಧಾನವಾಗಿ ಛಲೋ ಬೀಸಿಕೊಡುತ್ತಾನೆಂದು ನಾನು ಖುಷಿಪಟ್ಟೆ. ನಮ್ಮ ವಾಸನೆ ಇನ್ನೊಬ್ಬರ ಹಿಟ್ಟಿಗೆ ಹತ್ತಬಾರದೆಂದು ಅವನು ಹಾಗೆ ಮಾಡಿದ್ದು ಹೊಳೆಯಲೇ ಇಲ್ಲ.

ತಂಗಿ ಹಿಟ್ಟನ್ನು ಬೆರಳ ನಡುವೆ ತಿಕ್ಕಿ ನೋಡಿದಳು. ಮೂಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅಣ್ಣಾ, ಇದರಾಗ ಜಿಗಟ ಇಲ್ಲ. ಗಳಗಳ ಕುದಿಯೂ ಎಸರು ಹಾಕಿ ಕಲಸಿದ್ರ ಅಷ್ಟ ಕೂಡತೈತಿ. ಇಲ್ಲಾಂದ್ರ ಬಡಿಯೂ ಮುಂದ ಹರೀತೈತಿ."

ಎಸರು ಎಂದ ಕೂಡಲೇ ನನಗೆ ಕಟ್ಟಿಗೆ ಉರಿಯುವುದು ಕಾಣಿಸಿತು. "ನೀರು ಕುದಿಸಿ ಹಿಟ್ಟಿಗೆ ಹಾಕೂದು. ಆಮ್ಯಾಲೆ ಅದನ್ನ ಹಂಚಿನ ಮ್ಯಾಲೆ ಮತ್ತ ಸುಡೂದು. ಒಂದ ರೊಟ್ಟಿ ಎರಡ ಸಲ ಯಾಕ ಬೇಯಿಸ್ಬೇಕು? ತಣ್ಣೀರಾಗ ಕಲಸು."

"ಹಿಂದಿನಿಂದ ಹಿಂಗ ಮಾಡ್ಕೋತ ಬಂದಾರ."

"ಹಿಂದಿನಿಂದ ಕಟಗಿ ಸುಟಗೋತ ಬಂದಾರ. ಅದಕ್ಕ ದೇಶ ಹಿಂಗೈತಿ."

ತಂಗಿ "ಆತು ಅಣ್ಣಾ" ಎಂದಳು. ಅವಳು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಹುಟ್ಟಿದ ಮೇಲೆ ಅದೇ ಮೊದಲು. ಅವತ್ತೇ ಸಂಶಯ ಬರಬೇಕಿತ್ತು.

ಮರುದಿನ ಜಳಕ ಮುಗಿಸಿ, ನಡುಗುತ್ತ ಬಂದು ತಾಟಿನ ಮುಂದೆ ಕೂತರೆ, ತೆಳ್ಳಗೆ ದುಂಡಗೆ ಅಂಚು ಸಹ ಬಿರಿಯದ ರೊಟ್ಟಿ. ವಾಸನೆ ಇತ್ತು, ನಾನು ಅದನ್ನು ಹಳೇ ಜೋಳದ ಘಮ ಎಂದೆ. ಅಪ್ಪ ಚಟ್ನಿ ಜಾಸ್ತಿ ಹಾಕಿಸಿಕೊಂಡ. ನಾನು ಒಲೆಯ ಹತ್ತಿರ ಹೋಗಿ ಕಟ್ಟಿಗೆ ನೋಡಿದೆ. ರೊಟ್ಟಿ ಸುಡಲು ತೆಗೆದದ್ದು ಬಿಟ್ಟರೆ ನಾನು ಎಣಿಸಿಟ್ಟಷ್ಟೇ ಇತ್ತು. ಅಂದರೆ ತಣ್ಣೀರಲ್ಲೇ ರೊಟ್ಟಿ ಆಗಿತ್ತು. ದಿನವೂ ಅದೇ ಕಥೆ. ನಮ್ಮ ಕಡೆಯ ಹೆಣ್ಣುಮಕ್ಕಳು ತಲೆತಲಾಂತರದಿಂದ ಎಸರಿಟ್ಟು ಕಟ್ಟಿಗೆ ಹಾಳು ಮಾಡಿದ್ದಾರೆಂದೂ, ಅದನ್ನು ಕಂಡುಹಿಡಿದವನು ಒಬ್ಬ ಗಂಡಸೆಂದೂ, ಆ ಗಂಡಸು ಬೆಟಗೇರಿಯಲ್ಲಿದ್ದಾನೆಂದೂ ಛಾಪಖಾನೆಯ ಎಲ್ಲರ ಕಿವಿಯಲ್ಲಿ ಹಾಕಿದೆ. ಅಚ್ಚಿನ ಮೊಳೆ ಜೋಡಿಸುವವನೊಬ್ಬ ನನ್ನ ಮಾತು ಕೇಳಿ ತನ್ನ ಹೆಂಡತಿಗೆ ಹೇಳಲು ಹೋಗಿ, ಎರಡು ದಿನ ಖಾನಾವಳಿಯಲ್ಲಿ ಉಂಡ.

ಅವ್ವ ಬರಲು ಇನ್ನೂ ವಾರವಿತ್ತು. ಒಂದು ಮಧ್ಯಾಹ್ನ ಅಪ್ಪ ಪೇಟೆಯಿಂದ ಹೊತ್ತಿಗೆ ಮುಂಚೆ ಬಂದ. ಹಿಂದೆ ರುಮಾಲು ಸುತ್ತಿದ ಹಿರಿಯರು, ಅವರ ಹೆಂಡತಿ, ಮಗ. ಅಡರಕಟ್ಟಿಯವರು. ಹತ್ತಿ ಮಾರಲು ಬಂದವರು ಅಪ್ಪನ ತಕ್ಕಡಿಯ ಮುಂದೆಯೇ ಗುರುತು ಹೇಳಿಕೊಂಡಿದ್ದರು.

"ಮನಿಯಾಕಿ ಊರಾಗಿಲ್ರಿ" ಎಂದು ಅಪ್ಪ ದಾರಿಯುದ್ದಕ್ಕೂ ಹೇಳಿದ್ದನಂತೆ. ಹುಡುಗನ ಅವ್ವ ಕೇಳಿರಲಿಲ್ಲ.

"ಹೇಳಿ ಬಂದ್ರ ಮನಿ ಸಾರಸಿರ್ತೈತಿ, ಹುಡುಗಿ ಹೂ ಮುಡದಿರ್ತಾಳ" ಎಂದಳು, ಪಡಸಾಲೆಯಲ್ಲಿ ಕೂಡುತ್ತ. "ಹೇಳದ ಬಂದ್ರ ಮನಿ ಕಾಣತೈತಿ."

ಮನೆ ಚೆನ್ನಾಗಿಯೇ ಕಂಡಿತು. ನಾನು ಕಾಲರಿಲ್ಲದ ಅಂಗಿಯಲ್ಲಿ ಕುಂಟುತ್ತ ಬಂದು ನಮಸ್ಕಾರ ಮಾಡಿದೆ. ತಂಗಿ ಚಹಾ ತಂದಿಟ್ಟು ಒಳಗೆ ಹೋದಳು. ಹಿರಿಯರು ಬಟ್ಟಲೊಳಗೆ ಬಗ್ಗಿ ನೋಡಿ, "ತಳಾ ಕಾಣತೈತಿ" ಎಂದರು. ನಾನು ಸುಮ್ಮನಿದ್ದಿದ್ದರೆ ಚಹಾದಲ್ಲೇ ಮುಗಿಯುತ್ತಿತ್ತು. ಆದರೆ ನನ್ನ ಉಳಿತಾಯ ಕೇಳುವ ಹೊಸ ಕಿವಿಗಳು ಸಿಕ್ಕಿದ್ದವು. ದೀಪದಿಂದ ಶುರುಮಾಡಿ ಸವಳು ಮಣ್ಣಿನ ತನಕ ಹೇಳಿದೆ. ಅಪ್ಪ ಹಿಂದಿನಿಂದ ಅಂಗಿ ಜಗ್ಗುತ್ತಿದ್ದ. ಮೊದಲೇ ಸವಳು ತಿಂದ ಅಂಗಿ, ಬೆನ್ನಲ್ಲಿ ಪರ್ರೆಂದಿತು. ನಾನು ನಿಲ್ಲಿಸಲಿಲ್ಲ.

"ಜೋಳಾ ನೋಡ್ರಿ, ಮುಂಡರಗಿದು. ಮೊದಲ ನಂಬರ. ಅರ್ಧಾ ದರದಾಗ ತಂದೇನಿ."

ಹಿರಿಯರು ಮೀಸೆ ಸವರಿದರು. "ಅರ್ಧಾ ದರಕ್ಕ ಮೊದಲ ನಂಬರ ಕೊಟ್ಟಾಂವ ಯಾರಪಾ? ಅಂವನ ಮನಿ ತೋರಸು, ನಾವೂ ಹೋಗೂಣು."

ಹುಡುಗನ ಅವ್ವ ಅಷ್ಟರಲ್ಲಿ ಎದ್ದಳು. "ಹುಡುಗಿ ಹಾಡತಾಳೋ, ಕಸೂತಿ ಹಾಕತಾಳೋ, ಅದೆಲ್ಲ ನನಗ ಬ್ಯಾಡ. ನಮ್ಮಲ್ಲೆ ಸುಗ್ಗ್ಯಾಗ ಹೊಲಕ್ಕ ಬುತ್ತಿ ಹೋಗತೈತಿ. ಆಕಿ ಒಂದೆರಡು ರೊಟ್ಟಿ ಬಡೀಲಿ, ನಾ ನೋಡ್ತೀನಿ" ಎಂದು ಅಡಿಗೆಮನೆಯ ಬಾಗಿಲಲ್ಲಿ ಹೋಗಿ ಕೂತಳು. ಅವಳ ಹಿಂದೆ ನಾವೂ ನಿಂತೆವು. ತಂಗಿಯ ರೊಟ್ಟಿಯ ಮೇಲೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನನ್ನ ಜೋಳದ ಪರೀಕ್ಷೆಯೂ ಆಗಿಹೋಗಲಿ ಎಂದುಕೊಂಡೆ.

ತಂಗಿ ಒಳಗೆ ಬಂದವರ ಊಟಕ್ಕೆಂದು ಆಗಲೇ ಹಿಟ್ಟು ಕಲಸಿಟ್ಟಿದ್ದಳು. ಒಂದು ಮುದ್ದೆ ತೆಗೆದು, ಹಲಗೆಯ ಮೇಲೆ ಒಣಹಿಟ್ಟು ಉದುರಿಸಿ, ಬಡಿಯತೊಡಗಿದಳು. ನಾಲ್ಕು ಏಟು ಬೀಳುವುದರೊಳಗೆ ಅಂಚು ಬಿರಿಯಿತು. ಎತ್ತಿ ಹಂಚಿಗೆ ಹಾಕಲು ಹೋದಳು, ಅರ್ಧ ಕೈಯಲ್ಲಿ, ಅರ್ಧ ಹಲಗೆಯ ಮೇಲೆ. ಇನ್ನೊಂದು ಬಡಿದಳು. ಅದು ನಡುವೆಯೇ ಬಾಯಿ ಬಿಟ್ಟಿತು. ಮತ್ತೊಂದು, ಹಂಚಿನ ತನಕ ಹೋಗಿ ಅಲ್ಲಿ ಮೂರು ತುಂಡಾಗಿ ಹರಡಿಕೊಂಡಿತು.

ಹಿರಿಯರು ಗಂಟಲು ಸರಿಮಾಡಿಕೊಂಡರು. "ಗದಗಿನ್ಯಾಗ ಎಲ್ಲಿ ನೋಡಿದ್ರೂ ಏಕೀಕರಣ ಏಕೀಕರಣ ಅಂತ ಕೂಗತಾರ. ನಾಡು ಒಂದಾಗೂದು ಇರ್ಲಿ, ಮೊದ್ಲ ಈ ರೊಟ್ಟಿ ಒಂದಾಗ್ಲಿ." ಸ್ವಲ್ಪ ಬಿಟ್ಟು, "ಇದನ್ನ ಬುತ್ತಿ ಕಟ್ಟಿದ್ರ ಹೊಲಾ ಮುಟ್ಟೂದ್ರಾಗ ನುಚ್ಚ ಆಕ್ಕೈತಿ" ಎಂದರು.

ಅಪ್ಪ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಹುಡುಗನ ಅವ್ವ ನಿಧಾನವಾಗಿ ಕೇಳಿದಳು: "ಯವ್ವಾ, ದಿನಾ ಹಿಂಗ ಬಡೀತಿಯೇನು?"

ತಂಗಿ ತಲೆ ಎತ್ತಿ ನನ್ನ ಕಡೆ ನೋಡಿದಳು. ಬೈಗುಳವೂ ಇಲ್ಲ, ಬೇಡಿಕೆಯೂ ಇಲ್ಲ. ಬಾಗಿಲಿಗೆ ಒತ್ತಿ ನಿಲ್ಲಿಸಿ ಎತ್ತರ ನೋಡಿದ ದಿನವೂ ಹೀಗೇ ನನ್ನ ಕಡೆ ನೋಡಿದ್ದಳು. ಅವತ್ತು ನಾನು ಉಪ್ಪಿಟ್ಟಿನ ತಾಟು ಎತ್ತುವ ನೆಪದಲ್ಲಿ ಒಳಗೆ ಹೋಗಿದ್ದೆ.

ನಿಜ ಹೇಳುತ್ತೇನೆ, ಈ ಸಲವೂ ನಾನು ಸುತ್ತಮುತ್ತ ಎತ್ತಲು ಒಂದು ತಾಟು ಹುಡುಕಿದೆ. ಇರಲಿಲ್ಲ. ಅರ್ಧ ತಾಸು ಕೊಚ್ಚಿಕೊಂಡ ಬಾಯಿಯಿಂದಲೇ ಅದನ್ನೆಲ್ಲ ನುಂಗಬೇಕು, ಇಲ್ಲವೇ ತಂಗಿ ಕೈಕೆಲಸ ಬಾರದ ಹುಡುಗಿಯೆಂದು ಅಡರಕಟ್ಟಿಯಿಂದ ಲಕ್ಷ್ಮೇಶ್ವರದ ತನಕ ಹೆಸರಾಗಬೇಕು. ಮುಂಡರಗಿಯವನ ಮಾತು ಆಗ ನೆನಪಾಯಿತು. ದನ ರೊಟ್ಟಿ ಬಡಿಯುವುದಿಲ್ಲ.

"ಆಕಿ ಕೈದು ತಪ್ಪಿಲ್ರಿ ಅವ್ವಾರ" ಎಂದೆ. "ಜೋಳದ್ದು. ನಾ ತಂದದ್ದು. ಹಗೇವಿನ ತಳದ್ದು, ನೀರು ಬಡದದ್ದು. ಮಾರಿದಾಂವ ದನಕ್ಕ ಹಾಕೂದು ಅಂತ ಹೇಳಿದ್ದ. ನಾನ ಕೇಳಲಿಲ್ಲ."

"ಈಗರೆ ಮೊದಲ ನಂಬರ ಅಂತಿದ್ದೆಲ್ಲಪಾ" ಎಂದರು ಹಿರಿಯರು.

"ಮೊದಲ ನಂಬರ ಖರೇನರಿ. ಎಣಿಸೂದು ತಳದಿಂದ."

ಅಪ್ಪ ಕಣ್ಣು ಮುಚ್ಚಿಕೊಂಡ. ಹುಡುಗನ ಅವ್ವ ಮಾತ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎದ್ದು ಒಲೆಯ ಹತ್ತಿರ ಹೋದಳು. ಕಲಸಿದ ಹಿಟ್ಟಿನೊಳಗೆ ಬೆರಳು ಊರಿ ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಆಮೇಲೆ ತಂಗಿಯ ಮುಖ ನೋಡಿದಳು. ತಂಗಿಯೂ ಅವಳನ್ನು ನೋಡಿದಳು. ಆ ಹೆಂಗಸಿನ ತುಟಿಯ ಕೊನೆ ಒಂದಿಷ್ಟು ಮೇಲೆದ್ದಿತು. ನನ್ನ ಬೆನ್ನ ಹರಕು ಕಂಡು ನಗು ಬಂದಿರಬೇಕೆಂದು ನಾನು ಗೋಡೆಗೆ ಸರಿದು ನಿಂತೆ.

"ಸರಿ ಯವ್ವಾ ಅತ್ಲಾಗ" ಎಂದು ತಂಗಿಯನ್ನು ಸರಿಸಿ, ಬಳೆ ಹಿಂದೆ ದೂಡಿಕೊಂಡು ತಾನೇ ಕೂತಳು. ಅದೇ ಹಿಟ್ಟಿನಿಂದ ಮುದ್ದೆ ಮುರಿದು ಬಡಿದಳು. ಎಂಥ ಕೈ ಅದು, ಹಲಗೆಯ ಮೇಲೆ ತಾಳ ಹಾಕಿದ ಹಾಗೆ ಕೇಳುತ್ತಿತ್ತು. ಆದರೂ ಅಂಚು ಬಿರಿಯಿತು, ಎತ್ತುವಾಗ ಎರಡಾಯಿತು. ಎರಡೂ ತುಂಡನ್ನು ಕೈಯಲ್ಲಿ ಹಿಡಿದು ಗಂಡನಿಗೆ ತೋರಿಸಿದಳು.

"ನೋಡ್ರಿ, ನನಗೂ ಬರಲಿಲ್ಲ. ಬುತ್ತಿ ನುಚ್ಚಾತು. ನನ್ನೂ ತವರಿಗೆ ಕಳಿಸ್ತೀರೇನು?"

ಹಿರಿಯರು ರುಮಾಲು ಸರಿಮಾಡಿಕೊಂಡು ಪಡಸಾಲೆಗೆ ಹೋದರು. ಅಲ್ಲಿಯ ತನಕ ಜಂತಿ ಎಣಿಸುತ್ತ ನಿಂತಿದ್ದ ಹುಡುಗ ಬಗ್ಗಿ ಹಂಚಿನ ಪಕ್ಕದ ರೊಟ್ಟಿ ತುಂಡುಗಳನ್ನು ತಾಟಿಗೆ ಹಾಕಿಕೊಂಡ. ಸ್ವಲ್ಪ ಹಾಲು ಕೇಳಿದ. ಅದರಲ್ಲಿ ನೆನೆಸಿ, ಒಂದು ಚೂರೂ ಬಿಡದೆ ತಿಂದ. "ಛಲೋ ಅದಾವ" ಎಂದ. ಅವತ್ತು ಅವನು ಆಡಿದ್ದು ಅಷ್ಟೇ.

ಹೊರಡುವಾಗ ಹುಡುಗನ ಅವ್ವ ಅಪ್ಪನಿಗೆ, "ನಮಗ ಹುಡುಗಿ ಒಪ್ಪಿಗಿ ಅದಾಳ್ರಿ. ನಿಮ್ಮ ಮನಿಯವರು ಬಂದ ಮ್ಯಾಲೆ ಮಾತಾಡೂಣು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಒಂದ ಮಾತು. ಲಗ್ನದ ಸಂತಿ ನೀ ಮಾಡಬ್ಯಾಡ" ಎಂದಳು.

ವಾರದ ಮೇಲೆ ಅವ್ವ ಬಂದಳು. ಒಳಗೆ ಕಾಲಿಟ್ಟ ಕೂಡಲೇ "ಮನ್ಯಾಗ ಏನ ಸತ್ತೈತಿ?" ಎಂದು ಕೇಳಿದಳು. ಹಿಟ್ಟಿನ ಡಬ್ಬಿ ತೆಗೆದು ತೋರಿಸಿದೆವು. ಉಳಿದ ಜೋಳ ಬಾಜೂ ಮನೆಯ ಅಜ್ಜಿಯ ಎಮ್ಮೆಗೆ ಹೋಯಿತು. ಎಮ್ಮೆ ಒಮ್ಮೆ ಮೂಸಿ, ತಲೆ ಎತ್ತಿ ನನ್ನನ್ನು ನೋಡಿ, ಆಮೇಲೆ ಬಾಯಿ ಹಾಕಿತು. ಮನೆಗೆ ಪೇಟೆಯಿಂದ ಹೊಸ ಜೋಳ ಬಂತು, ದೀಪ ಬಂತು, ಸಬಕಾರ ಬಂತು. ನನ್ನ ರಾಜ್ಯ ಸಂಸ್ಥಾನಗಳ ಹಾಗೆ ಸದ್ದಿಲ್ಲದೆ ವಿಲೀನವಾಯಿತು.

ಆದರೆ ಒಂದು ಮುಳ್ಳು ಉಳಿದಿತ್ತು. ದಿನವೂ ದುಂಡಗೆ ಬಂದ ರೊಟ್ಟಿ, ಅದೇ ಜೋಳ, ಅದೇ ತಣ್ಣೀರು, ಅದೇ ಕೈ, ಅವತ್ತೊಂದು ದಿನ ಯಾಕೆ ಹರಿಯಿತು? ಅವ್ವ ಹೊರಗೆ ಹೋದಾಗ ತಂಗಿಯನ್ನು ಕೇಳಿದೆ. ಅವಳು ಒಲೆಯ ಮೇಲೆ ಎಸರಿಟ್ಟು ಕೂತಿದ್ದಳು.

"ದಿನಾ ಎಸರಿಟ್ಟ ಬಡದೇನಿ ಅಣ್ಣಾ" ಎಂದಳು. "ಬಚ್ಚಲದಾಗ ನೀ ತಣ್ಣೀರು ಸುರಕೊಂಡು ಒದರೂದು ಕೇಳಿದ ಕೂಡ್ಲೆ ಇಲ್ಲಿ ಎಸರು ಇಡ್ತಿದ್ದೆ. ನೀ ಒದರಿ ಮುಗಸೂದ್ರಾಗ ಕುದೀತಿತ್ತು."

"ಕಟಗಿ ಹಂಗ ಇರ್ತಿದ್ದವಲ್ಲ?"

"ಬಾಜೂ ಮನಿ ಅಜ್ಜಿ ಸಗಣಿ ಕುಳ್ಳು ಕೊಡ್ತಿದ್ಲು. ನಿನ್ನ ಒದರಾಟಕ್ಕ ಆಕಿಗೂ ಮುಂಜಾನೆ ಹೊತ್ತು ಹೋಗ್ತಿತ್ತಂತ."

"ಮತ್ತ ಅವತ್ತ ಎಸರು ಯಾಕ ಇಡ್ಲಿಲ್ಲ?"

ಅವಳು ಹಿಟ್ಟಿನ ನಡುವೆ ಕುಳಿ ಮಾಡಿ ಎಸರು ಸುರಿದಳು. ಹಬೆ ಮುಖಕ್ಕೆ ಬಂತು. "ಶಿರಹಟ್ಟಿಯವರು ನನ್ನ ಬಾಗಲಕ್ಕ ಹಚ್ಚಿ ಅಳದು ಹೋದ್ರಲ್ಲ. ಈ ಸಲ ನಾನೂ ಒಂಚೂರು ಅಳೀಬೇಕನಿಸ್ತು. ಹರದ ರೊಟ್ಟಿ ನೋಡಿ ಹುಡುಗೀನ ಬೈತಾರೋ, ಹಿಟ್ಟು ಮುಟ್ಟಿ ನೋಡ್ತಾರೋ ಅಂತ. ಆ ಅವ್ವ ಮುಟ್ಟಿದ್ಲು. ತಣ್ಣಗಿತ್ತು. ಆಕಿಗೆ ಅಲ್ಲೇ ತಿಳೀತು. ಮಗಾ ಹರದ ರೊಟ್ಟಿ ಹಾಲಾಗ ಹಾಕ್ಕೊಂಡು ತಿಂದ."

"ಅವರು ಎದ್ದು ಹೋಗಿದ್ರ?"

"ಹೋಗಿದ್ರ ಹೋಗ್ಲಿ. ಬಾವಿ ಒಂದ ಹೋಗ್ತಿತ್ತು."

"ಅಲ್ಲ ಲೇ, ಅವರ ಮುಂದ ನನ್ನ ಮರ್ಯಾದಿ?"

ತಂಗಿ ಮುದ್ದೆಯನ್ನು ಅಂಗೈಯಲ್ಲಿ ತಿರುವಿ ಹಲಗೆಗೆ ಹಾಕಿದಳು. "ನಿನ್ನ ಮ್ಯಾಲೆ ನಾ ಏನೂ ಸುಳ್ಳು ಹೇಳಿಲ್ಲಲ್ಲ ಅಣ್ಣಾ" ಎಂದಳು. "ಅವತ್ತೊಂದ ದಿನ ನೀ ಹೇಳಿದಂಗ ಕೇಳೇನಿ, ಅಷ್ಟ."